ಅತ್ತೆಗಾಗಿ ಎರಡು ಸುತ್ತು

ಹಾಲೇಶನಿಗೆ ಅಳಲು ಒಂದು ಜಾಗ ಬೇಕಿತ್ತು. ಚಿಕ್ಕಮಗಳೂರಿನಲ್ಲಿ ಹೋಂಸ್ಟೇಗೆ ಜಾಗವಿದೆ, ಪ್ರವಾಸಿಗಳ ಕಾರು ನಿಲ್ಲಿಸಲು ಜಾಗವಿದೆ. ಐವತ್ತು ದಾಟಿದ, ಪೈಪು-ನಲ್ಲಿ ಮಾರುವ ಒಬ್ಬ ಮರ್ಯಾದಸ್ಥ ಗಂಡಸು ಅಳುವುದಕ್ಕೆ ಮಾತ್ರ ಇಲ್ಲ. ಅದರಲ್ಲೂ ಅವನು ಅಳಬೇಕಾದದ್ದು ಹೆಂಡತಿಯ ತಾಯಿಗಾಗಿ.

ಅತ್ತೆ ಮುದ್ದಮ್ಮ ಗೋಣಿಬೀಡಿನಿಂದ ಒಂದು ಟ್ರಂಕು ಹಿಡಿದು ಬಂದು ಹನ್ನೊಂದು ವರ್ಷ ಮಗಳ ಮನೆಯಲ್ಲಿದ್ದರು. ಅಷ್ಟೂ ವರ್ಷ ಅವರಿಗೂ ಅಳಿಯನಿಗೂ ಅಖಂಡ ಮಹಾಯುದ್ಧ. "ಪೈಪ್ ಮಾರೋರ ಮನೇಲೇ ನಲ್ಲಿ ಸೋರ್ತದೆ, ಚೆಂದ!" ಎನ್ನುತ್ತ ಅವರು ದಿನವೂ ಬಚ್ಚಲಲ್ಲಿ ಬಕೆಟ್ಟು ಇಡುತ್ತಿದ್ದರು. ಅವನು ಹಟಕ್ಕೆ ಬಿದ್ದು ರಿಪೇರಿ ಮಾಡದೆ ಬಿಟ್ಟಿದ್ದ. ಅಂಗಡಿಗೆ ಬಂದವರಿಗೆ ಪೈಪು ಜೋಡಿಸುವ ಅರ್ಧ ಇಂಚಿನ ಎಲ್ಬೋ ಕೊಡುವಾಗಲೂ ಅತ್ತೆಯ ಕಾಟದ ಒಂದು ಅಧ್ಯಾಯವನ್ನು (ಉಚಿತವಾಗಿ) ಸೇರಿಸಿ ಕೊಡುತ್ತಿದ್ದ.

ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ಮುದ್ದಮ್ಮ ಹೋಗಿಬಿಟ್ಟರು. ಶಿವಗಣಾರಾಧನೆಯ ದಿನ ಪಕ್ಕದ ಜವಳಿ ಅಂಗಡಿಯ ಸಿದ್ದಬಸಪ್ಪ ಪಾಯಸ ಹೀರುತ್ತ, "ಅಂತೂ ನಿಂಗೆ ಬಿಡುಗಡೆ ಆಯ್ತು ಮಾರಾಯ" ಎಂದು ಕಿವಿಯಲ್ಲಿ ಉಸುರಿದ. ಹಾಲೇಶ ಅಭ್ಯಾಸಬಲದಿಂದ ನಕ್ಕುಬಿಟ್ಟ. ಆ ನಗುವನ್ನು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಭುವನಾ ನೋಡಿದಳು. ಅಂದಿನಿಂದ ಅವಳ ಮಾತು "ಊಟಕ್ಕೆ ಬನ್ನಿ" ಎಂಬಲ್ಲಿಗೆ ನಿಂತಿತು.

ಮರುವಾರ ಅವನು ನಲ್ಲಿ ರಿಪೇರಿ ಮಾಡಿದ. ಯಾರೂ ಏನೂ ಹೇಳಲಿಲ್ಲ. ಸದ್ದಿಲ್ಲದ ಬಚ್ಚಲಲ್ಲಿ ಸ್ಪ್ಯಾನರ್ ಹಿಡಿದು ನಿಂತವನಿಗೆ ಅಳು ನುಗ್ಗಿ ಬಂತು. ಆದರೆ ಭುವನಾಳ ಮುಂದೆ ಅತ್ತರೆ ನಾಟಕ ಎನ್ನುತ್ತಾಳೆ. ಅಂಗಡಿಯಲ್ಲಿ ಅತ್ತರೆ ಊರೇ ನಗುತ್ತದೆ.

ಆಗ ಹೊಳೆದದ್ದು ಓಟ. ಊರಾಚೆಯ ಕೆರೆದಂಡೆಯ ಕಾಡಿನೊಳಗೆ ಅರಣ್ಯ ಇಲಾಖೆಯವರು ಕಲ್ಲು ಹಾಸಿದ ದಾರಿ ಮಾಡಿದ್ದರು. ಗೇಟಿನಿಂದ ಹೊರಟು, ನೀರನ್ನು ಬಳಸಿ, ಮತ್ತೆ ಗೇಟಿಗೇ ಬರುವ ಎರಡು ಕಿಲೋಮೀಟರಿನ ಸುತ್ತು. ಆರು ಗಂಟೆಯ ಮಂಜಿನಲ್ಲಿ ಯಾರ ಮುಖವೂ ಯಾರಿಗೂ ಕಾಣದು. ಓಡುವವನ ಮುಖ ಒದ್ದೆಯಾಗಿದ್ದರೆ ಅದು ಬೆವರು, ಬಿಕ್ಕಿದರೆ ಅದು ವಯಸ್ಸು. (ಸಕಲ ಸೌಕರ್ಯವುಳ್ಳ ಇಂಥ ಶೋಕಮಂದಿರ ಇನ್ನೆಲ್ಲಿ ಸಿಕ್ಕೀತು?) ಹಾಲೇಶ ನೀಲಿ ಬೂಟು ಕೊಂಡ. ಬಿದಿರು ಮೆಳೆಯ ತಿರುವಿನವರೆಗೆ ಬರೀ ಓಟ, ಅಲ್ಲಿಂದಾಚೆ ಅಳುತ್ತ ಓಟ, ಗೇಟಿನ ಹತ್ತಿರ ಮೂಗು ಒರೆಸಿಕೊಳ್ಳುವುದು. ದಿನಕ್ಕೆ ಎರಡು ಸುತ್ತು. ತಿಂಗಳಲ್ಲಿ ಹೊಟ್ಟೆ ಕರಗಿತು, ಮುಖಕ್ಕೆ ಕಳೆ ಬಂತು. ಅದೇ ಮುಳುವಾಯಿತು.

"ಏನ್ ಅತ್ತಿಗೆ, ನಿಮ್ಮ ಯಜಮಾನ್ರು ಕೆರೆ ಸುತ್ತ ಕರು ಓಡಿದಂಗೆ ಓಡ್ತಾರಂತೆ!" ಎಂದು ಸಿದ್ದಬಸಪ್ಪ ಭುವನಾಳ ಮುಂದೆ ನಕ್ಕ.

ಮರುದಿನ ಮೊದಲ ಸುತ್ತು ಮುಗಿಸಿ ಬಂದ ಹಾಲೇಶನಿಗೆ ಗೇಟಿನ ಬಳಿ ಹೆಂಡತಿಯ ಕಂದು ಸ್ವೆಟರು ಕಂಡಿತು. ತಲೆ ತಗ್ಗಿಸಿ ಎರಡನೆಯ ಸುತ್ತಿಗೆ ನುಗ್ಗಿದ. ಭುವನಾ ಬೆನ್ನಟ್ಟಲಿಲ್ಲ, ಸುಮ್ಮನೆ ಎದುರು ದಿಕ್ಕಿನಿಂದ ನಡೆಯುತ್ತ ಹೊರಟಳು. ಸುತ್ತುದಾರಿಯಲ್ಲಿ ಹೆಂಡತಿಯಿಂದ ದೂರ ಓಡುವವನು ಹೆಂಡತಿಯ ಕಡೆಗೇ ಓಡುತ್ತಿರುತ್ತಾನೆಂಬ ಸತ್ಯ, ಬಿದಿರು ಮೆಳೆ ದಾಟಿ, ಪಾರಾದೆನೆಂದು ಗಟ್ಟಿಯಾಗಿ ಅಳತೊಡಗಿದ ಮೇಲೆ ಅವನಿಗೆ ಗೊತ್ತಾಯಿತು.

"ಏನ್ರೀ ಇದು? ಎದೆನೋವಾ?"

"ಇಲ್ಲ. ಬೆವರು."

"ಬೆವರು ಮೂಗಿಂದ ಬರ್ತದಾ?"

"ಅತ್ತೆ..." ಎಂದ ಹಾಲೇಶ.

"ಅತ್ತಿದ್ದು ಕಾಣ್ತದಲ್ಲ. ಯಾಕೆ ಅತ್ರಿ?"

"ಅತ್ತೆಗೋಸ್ಕರ ಅತ್ತೆ ಕಣೆ."

"ಯಾವ ಅತ್ತೆ?"

"ನಂಗೆಷ್ಟು ಜನ ಅತ್ತೆ ಇದ್ರು ಭುವನಾ?"

ಅವಳ ತುಟಿ ಬಿಗಿಯಿತು. "ಅಮ್ಮನ ಕಂಡ್ರೆ ನಿಮಗೆ ಆಗ್ತಿರ್ಲಿಲ್ಲ. ಅವತ್ತು ನಕ್ಕಿದ್ದು ನಾನೇ ನೋಡಿದೀನಿ. ಈಗ ಈ ಸೋಗು ಬೇರೆ!"

"ಸೋಗಾಗಿದ್ರೆ ಮನೇಲಿ ನಿನ್ನೆದುರಿಗೇ ಹಾಕ್ತಿದ್ದೆ. ಈ ಕಾಡಲ್ಲಿ ಯಾರಿಗೆ ತೋರ್ಸೋಕೆ?" ಎಂದವನ ದನಿ ಒಡೆಯಿತು. "ನಲ್ಲಿ ಸರಿ ಮಾಡ್ದೆ. ನೋಡೋಕೆ ಅವ್ರೇ ಇರ್ಲಿಲ್ಲ."

ಭುವನಾ ದಾರಿಬದಿಯ ಬೆಂಚಿನ ಮೇಲೆ ಕುಸಿದು ಕೂತಳು. "ಬಂದೋರಿಗೆಲ್ಲ ಬಡಿಸೋದ್ರಲ್ಲಿ ನಂಗೆ ಅಳೋಕೇ ಆಗ್ಲಿಲ್ಲ ರೀ," ಎಂದಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತದ್ದೇ ಅತ್ತದ್ದು.

ಮರುದಿನ ಐದೂವರೆಗೆ ಅವಳೇ ಅವನನ್ನು ಎಬ್ಬಿಸಿದಳು. ಈಗ ದಿನವೂ ಜೊತೆಯಾಗಿಯೇ ಹೋಗುತ್ತಾರೆ. ಭುವನಾ ಅಳುತ್ತ ಬಿರುಸಾಗಿ ನಡೆಯುತ್ತಾಳೆ. ಹಾಲೇಶ ಅವಳ ಸ್ವೆಟರು, ನೀರಿನ ಬಾಟಲಿ ಹೊತ್ತು ಹಿಂದಿನಿಂದ ಓಡುತ್ತಾನೆ. ಅವನ ಕಣ್ಣು ತುಂಬಿದರೆ, "ನೀವು ತಿಂಗಳು ಅತ್ತಾಯ್ತಲ್ಲ! ಇಬ್ರೂ ಅಳ್ತಾ ಕೂತ್ರೆ ಸಮಾಧಾನ ಮಾಡೋರ್ಯಾರು?" ಎಂದು ಗದರುತ್ತಾಳೆ.

ಮೊನ್ನೆ ನಿವೃತ್ತ ಟೀಚರ್ ಪ್ರೇಮಕುಮಾರಿಯವರು ಎದುರಿಗೆ ಬಂದರು. ಭುವನಾಳ ಕೆಂಪು ಕಣ್ಣು ನೋಡಿದರು, ಹಿಂದೆ ಬರುತ್ತಿದ್ದ ನೀಲಿ ಬೂಟು ನೋಡಿದರು. "ಹಾಲೇಶ್, ನಿಮಗೆ ಕರುಳು ಅನ್ನೋದು ಇದೆಯಾ? ಹೆತ್ತ ತಾಯಿ ಹೋಗಿ ಸಂಕಟದಲ್ಲಿದಾಳೆ. ಅವಳನ್ನ ಹೀಗೆ ಅಳಿಸಿ ಅಳಿಸಿ ಓಡ್ಸೋದಾ?"

ಹಾಲೇಶ ಹೆಂಡತಿಯತ್ತ ನೋಡಿದ. ಭುವನಾ ಮೂಗೊರೆಸಿಕೊಂಡು ಮಂಜಿನೊಳಗೆ ನಡೆದೇಬಿಟ್ಟಳು.

"ತಪ್ಪಾಯ್ತು ಮೇಡಂ," ಎಂದು ಕೈಮುಗಿದು, ಹಾಲೇಶ ಬಾಟಲಿ ಹಿಡಿದು ಅವಳ ಹಿಂದೆ ಓಡಿದ.