ಸಾವಧಾನ್ ಎಂದರೂ ನಿಲ್ಲದ ಬೆರಳು

ಮನುಷ್ಯನ ಮೈಯೂ ಒಂದು ಶಾಲೆಯೇ ಎಂದು ನನ್ನ ಅಭಿಪ್ರಾಯ. ಹೃದಯ, ಶ್ವಾಸಕೋಶದಂಥ ದೊಡ್ಡ ತರಗತಿಯವರು ಯಾರೂ ಹೇಳದಿದ್ದರೂ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾರೆ. ಗಲಾಟೆ ಎಬ್ಬಿಸುವುದು ಹಿಂದಿನ ಬೆಂಚಿನ ಯಾವುದೋ ಪುಟಾಣಿ ಸ್ನಾಯು. ನಾನು ಕೊಡಗಿನ ನಾಪೋಕ್ಲು ಕಡೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ನಾನು ‘ಸಾವಧಾನ್’ ಎಂದರೆ ಮೈದಾನದ ಮಕ್ಕಳಿರಲಿ, ಬೇಲಿಯಾಚೆ ಮೇಯುತ್ತಿದ್ದ ದನವೂ ಬಾಯಾಡಿಸುವುದನ್ನು ನಿಲ್ಲಿಸುತ್ತಿತ್ತು. ಈಗಲೂ ನಮ್ಮ ಮನೆಯಲ್ಲಿ ಏಳುವುದು, ತಿನ್ನುವುದು, ಟವೆಲ್ ಮಡಚುವುದು ಎಲ್ಲಕ್ಕೂ ವೇಳಾಪಟ್ಟಿಯಿದೆ. ಯಜಮಾನರು ಸೀನುವ ಮೊದಲೂ ಗಡಿಯಾರ ನೋಡುತ್ತಾರೆ. ಇಂಥ ನನ್ನ ಬಲಗೈಯಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಹುಣಸೆ ಬೀಜದಷ್ಟು ಜಾಗ ಒಂದು ಬೆಳಿಗ್ಗೆ ಪಟಪಟನೆ ಕುಣಿಯತೊಡಗಿತು. ತೋರುಬೆರಳೂ ತಾಳವಿಲ್ಲದೆ ಜೊತೆಗೂಡಿತು. ‘ಸಾವಧಾನ್!’ ಎಂದೆ. ಯಜಮಾನರು ಎದ್ದು ನಿಂತರು. ಬೆರಳು ನಿಲ್ಲಲಿಲ್ಲ.

ಬೇರೆ ಕಾಲವಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಗದ್ದೆ ನಾಟಿ ಮುಗಿದು ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂದಿತ್ತು. ಅಂದು ಕೋವಿಗೆ ಪೂಜೆ ಮಾಡಿ, ಊಟ ಮುಗಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ನಮ್ಮಲ್ಲಿ ಪದ್ಧತಿ. ನಮ್ಮ ಕುಟುಂಬದ ಹೆಂಗಸರಲ್ಲಿ ಆ ಕಾಯಿ ವರ್ಷವರ್ಷವೂ ನನ್ನದೇ. ನನ್ನ ಓರಗಿತ್ತಿ ಪೊನ್ನಮ್ಮ ಬಿಟ್ಟಂಗಾಲದಿಂದ ಸೊಸೆಯಾಗಿ ಬಂದಂದಿನಿಂದ ಎರಡನೆಯ ಸ್ಥಾನದಲ್ಲಿ ನಿಂತು ನನ್ನ ಆರೋಗ್ಯ ವಿಚಾರಿಸುತ್ತಿದ್ದಾಳೆ. ಈಗ ಟ್ರಿಗರ್ ಎಳೆಯುವ ಬೆರಳೇ ಕುಣಿದರೆ ನನ್ನ ಮಾನದ ಗತಿಯೇನು? ಮೊಬೈಲಿನಲ್ಲಿ ಹುಡುಕಿದೆ. ಅದೊಂದು ವಿಚಿತ್ರ ಬಸ್ಸು. ನೆಗಡಿಯಲ್ಲಿ ಹತ್ತಿದರೂ ಸ್ಮಶಾನದಲ್ಲೇ ಇಳಿಸುತ್ತದೆ, ನಡುವೆ ಸ್ಟಾಪಿಲ್ಲ.

ಹೆದರಿಕೆಯಾಗಿ, ಅನುಭವಸ್ಥರನ್ನು ಕೇಳೋಣವೆಂದು ಮನೆಮನೆಗೆ ಹೊರಟೆ. ಮೇಲಿನ ಮನೆಯ ಅಜ್ಜಿ, “ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೆಯದು. ಬೆರಳಿನ ವಿಷಯ ನಮ್ಮ ಹಿರಿಯರು ಏನೂ ಹೇಳಿ ಹೋಗಿಲ್ಲ ಮಾರಾಯ್ತಿ. ಇರು, ಕಾಫಿ ಕುಡಿ” ಎಂದರು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, “ವಾಯು ಟೀಚರೇ, ಬರೀ ವಾಯು! ಬೆಲ್ಲದ ಕಾಫಿಗೆ ಕರಿಮೆಣಸು ಹಾಕಿ ಕುಡಿದರೆ ಗಡಿ ದಾಟಿ ಓಡ್ತದೆ” ಎಂದು ದೊಡ್ಡ ಲೋಟದಲ್ಲಿ ಕುಡಿಸಿ, ಓಡಿತೋ ಇಲ್ಲವೋ ಎಂಬ ಅನುಮಾನಕ್ಕೆ ಇನ್ನೊಂದು ಲೋಟ ಕೊಟ್ಟ. ಕೊಡಗಿನಲ್ಲಿ ಹೊಸ್ತಿಲು ದಾಟಿದ ಮೇಲೆ ಕಾಫಿ ಬೇಡವೆಂದರೆ, ಹಳೆಯ ಬೇಲಿ ಜಗಳ ಮುಂದುವರಿಸಲು ಬಂದಿದ್ದಾರೆ ಎಂದೇ ಅರ್ಥ. ಹಾಗಾಗಿ ಎಲ್ಲ ಕಡೆಯೂ ಕುಡಿದೆ. ಮನೆಗೆ ಮರಳುವಷ್ಟರಲ್ಲಿ ಬೆರಳಿನ ಜೊತೆಗೆ ಕಣ್ಣುರೆಪ್ಪೆ, ಮೀನಖಂಡ ಎಲ್ಲವೂ ಡ್ರಿಲ್ಲಿಗೆ ಇಳಿದಿದ್ದವು. ರೋಗ ಹರಡುತ್ತಿದೆಯೆಂದು ಗಾಬರಿಯಾಗಿ ಮಾರನೆಯ ದಿನ ಇನ್ನಷ್ಟು ಮನೆಗಳಿಗೆ ಹೋದೆ.

ಸುದ್ದಿ ತಿಳಿದು ಪೊನ್ನಮ್ಮ ಓಡಿ ಬಂದಳು. “ಅಕ್ಕಾ, ಈ ಸಲ ನೀವು ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದರೆ ಸಾಕು. ಆ ಕೈಯಲ್ಲಿ ಹೊಡೆದರೆ ಗುಂಡು ಕಾಯಿಗಲ್ಲ, ಕಾಯಿ ಕಟ್ಟಿದವನಿಗೆ ಬೀಳ್ತದೆ” ಎಂದಳು. ಅವಳ ಮುಖದಲ್ಲಿ ಸುರಿಯುತ್ತಿದ್ದ ಕನಿಕರವನ್ನು ನೋಡಲಾಗದೆ ಅಂದೇ ಡಾಕ್ಟರ ಹತ್ತಿರ ಹೋದೆ.

ನೋಡಿದರೆ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿ! “ನೆಟ್ಟಗೆ ನಿಲ್ಲಿ ಟೀಚರ್. ಕೈ ಮುಂದೆ. ಬೆರಳು ಬಿಡಿಸಿ. ಮಾತು ಬೇಡ” ಎಂದಳು. ಆ ದನಿಯಲ್ಲಿ ವೈದ್ಯಕೀಯಕ್ಕಿಂತ, ನಾನು ಬಿಸಿಲಿನಲ್ಲಿ ಓಡಿಸಿದ ಸುತ್ತುಗಳ ನೆನಪೇ ಹೆಚ್ಚಿತ್ತು. ಕೈ ಎಳೆದಳು, ತಳ್ಳಿದಳು, ಮಂಡಿಗೆ ಕುಟ್ಟಿದಳು. “ಶಕ್ತಿ ಚೆನ್ನಾಗಿದೆ. ಇದು ಏನೂ ಅಲ್ಲ. ದಿನಕ್ಕೆ ಕಾಫಿ ಎಷ್ಟು?”

“ವೇಳಾಪಟ್ಟಿ ಪ್ರಕಾರ ಎರಡು.”

“ವೇಳಾಪಟ್ಟಿಯ ಹೊರಗೆ?”

ನಾನು ಫ್ಯಾನು ನೋಡುತ್ತ, ಮೊಬೈಲಿನಿಂದ ಹಿಡಿದು ಮನೆಮನೆಯ ಕಾಫಿಯವರೆಗೆ ಎಲ್ಲ ಒಪ್ಪಿಸಿದೆ.

“ಟೀಚರ್, ಔಷಧಿ ಕೇಳಲು ಹೋದ ಮನೆಗಳಿಂದಲೇ ಕಾಯಿಲೆ ತಂದಿದ್ದೀರಿ. ಕಾಫಿ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಆ ಮೊಬೈಲ್ ಯಜಮಾನರ ಕೈಗೆ ಕೊಡಿ.”

ನಾನು ಅಪ್ಪಣೆ ಕೊಡುವುದರಲ್ಲಿ ಎಷ್ಟು ಕಟ್ಟುನಿಟ್ಟೋ ಪಾಲಿಸುವುದರಲ್ಲೂ ಅಷ್ಟೇ. ನೆಂಟರಿಷ್ಟರನ್ನು ಗೇಟಿನ ಹೊರಗಿಂದಲೇ ಮಾತಾಡಿಸಿದೆ. ಅಂಗಳದ ತುಂಬ ನಮ್ಮದೇ ತೋಟದ ಕಾಫಿ ಹುರಿಯುವ ವಾಸನೆ ಬಂದಾಗ ಮೂಗು ಹಿಡಿದು ಹಿತ್ತಲಿಗೆ ನಡೆದೆ. ಹಬ್ಬದ ಹೊತ್ತಿಗೆ ರೆಪ್ಪೆ, ಮೀನಖಂಡ, ಬೆರಳು ಎಲ್ಲವೂ ಸದ್ದಿಲ್ಲದೆ ತಣ್ಣಗಾಗಿದ್ದವು.

ಹಬ್ಬದ ದಿನ ಎಲ್ಲರೂ ನೋಡುತ್ತಿದ್ದಂತೆ ಕೋವಿ ಎತ್ತಿದೆ. ಬೆರಳು ಕಲ್ಲಿನಂತೆ ನಿಂತಿತ್ತು. ಉಸಿರು ಹಿಡಿದೆ, ಗುರಿಯಿಟ್ಟೆ, ಹೊಡೆದೆ. ಮರದಿಂದ ಒಂದು ಎಲೆ ನಿಧಾನವಾಗಿ ಇಳಿದು ಬಂತು. ಕಾಯಿ ಅಲ್ಲೇ ಇತ್ತು. ಪೊನ್ನಮ್ಮ ಬಂದು ಹೊಡೆದಳು. ಕಾಯಿ ಒಡೆದು ನೀರು ಧಾರೆಯಾಗಿ ಸುರಿಯಿತು. ಅವಳು ಓಡಿ ಬಂದು ನನ್ನ ಕೈ ಹಿಡಿದು, “ಅಯ್ಯೋ ಅಕ್ಕಾ, ಬೆರಳು ಅದುರಿತಾ?” ಎಂದು ಕೇಳಿದಳು.

ಅದುರಿರಲಿಲ್ಲ. ಗುರಿ ತಪ್ಪಿದ್ದಕ್ಕೆ ನನ್ನನ್ನು ಬಿಟ್ಟು ಬೇರೆ ಕಾರಣವೇ ಇರಲಿಲ್ಲ. “ಹೌದು ಮಾರಾಯ್ತಿ, ಸರಿಯಾಗಿ ಅದೇ ಗಳಿಗೆಗೆ ಅದುರಬೇಕೇ!” ಎಂದೆ. ನೆಂಟರೆಲ್ಲ ಲೊಚಗುಟ್ಟುತ್ತ ನೋಡಲು ಬಂದರು. ತೋರಿಸದಿದ್ದರೆ ನಂಬುವವರಿಲ್ಲ, ಕೈ ಚಾಚಿ ನಾನೇ ಬೆರಳು ಅಲುಗಿಸಿದೆ. ಯಜಮಾನರು ಕನ್ನಡಕ ಏರಿಸಿ ಬಗ್ಗಿ ನೋಡಿ, “ಮೊದಲು ಹೀಗೆ ಎಡ-ಬಲ, ಎಡ-ಬಲ ಅಂತ ಅದುರುತ್ತಿರಲಿಲ್ಲವಲ್ಲ?” ಎಂದರು. ಏನು ಮಾಡಲಿ, ತಾಳ ತಪ್ಪಿ ಅದುರುವುದನ್ನು ನಾನು ಕಲಿತೇ ಇಲ್ಲ.