ಡಾಕ್ಟರ್ ಅಂದವರ ವಹಿ

ನನ್ನ ಸೊಸೆ ಪ್ರಕೃತಿ ಚಿಕಿತ್ಸೆಯ ಡಾಕ್ಟರು. ಐದೂವರೆ ವರ್ಷ ಓದಿ ಪದವಿ ಪಡೆದವಳು. ಜಮಖಂಡಿಯಲ್ಲಿ ನಮ್ಮ ಮನೆಯ ಮುಂದಿನ ಎರಡು ಕೋಣೆಗಳೇ ಅವಳ ದವಾಖಾನೆ. ಸೂಜಿ ಇಲ್ಲ, ಗುಳಿಗೆ ಇಲ್ಲ, ಇವಳೆಂಥ ಡಾಕ್ಟರು ಎಂಬುದು ಮಂದಿಯ ಅನುಮಾನ. ಹೀಗಾಗಿ ಅಲ್ಲಿ ತಮಾಷೆಗೆ ಬರವಿಲ್ಲ. ಬಂದವರ ವಹಿ ಬರೆಯುವವಳು ನಾನು, ಬಿ.ಎ. ಓದಿದವಳು. ಅದರಲ್ಲಿ ನನ್ನದೇ ಒಂದು ಕಾಲಂ ಹಾಕಿದ್ದೇನೆ: 'ಸೊಸೆಯನ್ನು ಏನೆಂದು ಕರೆದರು'. ಮೊದಲ ಪುಟದ ತುಂಬ 'ತಂಗಿ', 'ಅಕ್ಕಾರ', 'ಮಣ್ಣ ಹಚ್ಚೋ ಬಾಯಾರ'. 'ಡಾಕ್ಟರ್' ಒಂದೂ ಇಲ್ಲ.

೧. ತೋಳು ಮಡಚಿದವರು

ಬನಹಟ್ಟಿಯ ನೇಕಾರರೊಬ್ಬರು ಬೆನ್ನುನೋವಿಗೆ ಬಂದರು. ಸೊಸೆ ಬಿಸಿನೀರಿನ ಶಾಖ ಕೊಟ್ಟು ಮುಗಿಸಿದರೂ ಅಂಗಿಯ ತೋಳು ಮಡಚಿಕೊಂಡು ಕೂತೇ ಇದ್ದರು.

"ಆತ್ರಿ, ಇನ್ನ ಹೋಗಬಹುದು" ಅಂದಳು.

"ಸೂಜಿ ಮಾಡಾಕ ಡಾಕ್ಟರ್ ಬರಲಿ, ಕುಂತಿರ್ತೇನಿ."

ಒಂದು ತಾಸಾದ ಮೇಲೆ ಎದ್ದು ಬೆನ್ನು ತಿರುವಿ ನೋಡಿಕೊಂಡರು. "ಛಲೋ ಆಗೇತ್ರಿ. ಇನ್ನ ಡಾಕ್ಟರ್ ಬರದಿದ್ರೂ ನಡಿತೈತಿ."

೨. ಸ್ವಂತ ಹೊಲದ್ದು

ರನ್ನ ಬೆಳಗಲಿಯ ರೈತರೊಬ್ಬರ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿದ್ದಳು. ಮರುದಿನ ಅವರು ಗಾಡಿಯ ಮೇಲೆ ಒಂದು ಚೀಲ ಮಣ್ಣು ಹೇರಿಕೊಂಡು ಬಂದರು. "ಮಂದಿ ಹೊಲದ್ದು ನನಗ ಒಗ್ಗೂದಿಲ್ಲ ತಂಗಿ. ಇದು ನಮ್ಮದು."

"ಇದಕ್ಕ ಯೂರಿಯಾ, ಹುಳದ ಔಷಧ ಹಾಕೀರೇನ್ರಿ?"

"ಹಾಕದ ಬೆಳಿ ಬರತೈತೇನು?"

"ಹಂಗಾದ್ರ ಹೊಟ್ಟಿ ಮ್ಯಾಲ ಬ್ಯಾಡ್ರಿ."

ಅವರು ಚೀಲದ ಬಾಯಿ ಕಟ್ಟುತ್ತ ಅಂದರು: "ಇದರಾಗ ಬೆಳದ ಜೋಳ ಹೊಟ್ಟಿ ಒಳಗ ನಡಿತೈತಿ. ಮಣ್ಣು ಮ್ಯಾಲ ಅಷ್ಟ ನಡ್ಯಾಂಗಿಲ್ಲ."

೩. ಉಪವಾಸದ ಪಾಠ

ತೇರದಾಳದ ಜೈನ ಅಜ್ಜಿಗೆ ಒಂದು ದಿನ ಬರೀ ಹಣ್ಣಿನ ರಸ ಕುಡಿದುಕೊಂಡಿರಲು ಹೇಳಿದಳು.

"ಒಂದ ದಿನಾ? ದಶಲಕ್ಷಣ ಪರ್ವದಾಗ ನಾ ಹತ್ತೂ ದಿನ ಉಪವಾಸ ಇರಾಕಿ. ಇದನ್ನ ಕಲ್ಯಾಕ ಎಷ್ಟ ವರ್ಷ ಓದಿದಿ?"

"ಐದೂವರಿ, ಅಜ್ಜಿ."

"ನನ್ನ ಕೇಳಿದ್ರ ಒಂದ ತಾಸಿನ್ಯಾಗ ಹೇಳಿಕೊಡತಿದ್ದೆ."

ಆದರೆ ತಿಂಗಳೊಪ್ಪತ್ತಿನಲ್ಲಿ ಅದೇ ಅಜ್ಜಿ ತನ್ನ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಸ್ಸಿಳಿದು ಬಂದು, "ಡಾಕ್ಟರ್ ಅದಾರೇನ?" ಎಂದು ಕೇಳಿದಳು. ಕಾಲಂನಲ್ಲಿ 'ಡಾಕ್ಟರ್' ಎಂದು ಕೆಂಪು ಶಾಯಿಯಿಂದ ಬರೆದೆ.

೪. ಮನೆಯೊಳಗಿನ ಪೇಶಂಟು

ಇನ್ನುಳಿದವರು ಒಬ್ಬರೇ, ನಮ್ಮ ಯಜಮಾನರು. "ಮಣ್ಣ ಹಚ್ಚಾಕ ಡಾಕ್ಟರ್ ಯಾಕ ಬೇಕು?" ಎಂದು ಬಂದವರ ಎದುರೇ ಅನ್ನುವರು. ಸೊಸೆ ನಕ್ಕು ಮಣ್ಣು ಕಲಸುತ್ತಿದ್ದಳು; ನನಗೆ ಮಾತ್ರ ಅದು ಚುಚ್ಚುತ್ತಿತ್ತು. ಎದೆಯುರಿ ತಾಳಲಾರದೆ ಒಂದು ಮುಂಜಾನೆ ಅವರೂ ಪೇಶಂಟರ ಪಾಳಿಯಲ್ಲಿ ಕೂತರು. ಸೊಸೆ ಹದಿನೈದು ದಿನ ಚಹಾ ಬಿಡಿಸಿದಳು.

ಐದನೆಯ ದಿನ ಅಡುಗೆಮನೆಗೆ ಬಂದು, "ಅರ್ಧಾ ಕಪ್ಪ ಚಹಾ ಕೊಡವ್ವಾ" ಅಂದರು.

ಸೊಸೆ ತುಂಬಿದ ಕಪ್ಪನ್ನೇ ಮುಂದಿಟ್ಟಳು. "ಕುಡೀರಿ ಮಾವಾರ. ನೀವ ಹೇಳಿದಂಗ ನಾ ಏನ ಡಾಕ್ಟರ್ ಅಲ್ಲಲ್ಲ."

ಅವರು ಕಪ್ಪು ನೋಡಿದರು. ಎದೆ ಮುಟ್ಟಿಕೊಂಡರು, ಉರಿ ಹೋಗಿ ಎರಡು ದಿನವಾಗಿತ್ತು. ಕಪ್ಪನ್ನು ಮೆಲ್ಲಗೆ ನನ್ನತ್ತ ಸರಿಸಿ, "ನೀನ ಕುಡಿ. ನನಗ ಡಾಕ್ಟರ್ ಬ್ಯಾಡಂದಾರ" ಅಂದರು.

ನಾನು ವಹಿ ತರಲು ಎದ್ದೆ.

"ಇದನ್ನೊಂದ ಬರೀಬ್ಯಾಡ ಬೇ" ಅಂದರು.

ಅದನ್ನೂ ಬರೆದೆ.