ಅತ್ತೆಗಾಗಿ ಆರು ಸಿಲಿಂಡರ್

ಅತ್ತೆಯ ಸಾವಿನ ಬಗ್ಗೆ ನಮ್ಮ ಮಾಮನಿಗೆ ಇದ್ದಷ್ಟು ಶ್ರದ್ಧೆಯನ್ನು ನಾನು ಇನ್ನೊಬ್ಬ ಅಳಿಯನಲ್ಲಿ ಕಂಡಿಲ್ಲ. ಆ ಅತ್ತೆ ಬೇರೆ ಯಾರೂ ಅಲ್ಲ, ನನ್ನ ಹಡೆದವ್ವ. ಆದ್ದರಿಂದ ಈ ಮಾತನ್ನು ಬಹಳ ಜವಾಬ್ದಾರಿಯಿಂದಲೇ ಹೇಳುತ್ತಿದ್ದೇನೆ. ಲೋಕದ ಅಳಿಯಂದಿರು ಅತ್ತೆಯ ಸಾವಿಗೆಂದು ಹೆಚ್ಚೆಂದರೆ ಒಂದು ಬಿಳಿ ಧೋತರ ತೆಗೆದಿಟ್ಟಾರು. ನಮ್ಮ ಮಾಮ ಒಂದು ಮೋಟಾರು ಕಾರನ್ನೇ ಬಿಚ್ಚಿ, ಅದರ ಹೊಟ್ಟೆಯೊಳಗೆ ಲಾರಿಯ ಎಂಜಿನ್ನು ಕೂಡಿಸಿದರು!

ಮಾಮ ಅಂದರೆ ನಮ್ಮ ಅಕ್ಕನ ಗಂಡ. ಕೊಪ್ಪಳದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮಿಸ್ತ್ರಿ. ನಾನು ಅದೇ ಊರಿನ ಉರ್ದು ಶಾಲೆಯಲ್ಲಿ ಗಣಿತದ ಮಾಸ್ತರ. ಇನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ಊಟ, ವಾಸ, ಬೈಗುಳ ಎಲ್ಲವೂ ಅಕ್ಕನ ಮನೆಯಲ್ಲೇ. ಅವ್ವ, ಅಪ್ಪ, ಅಣ್ಣ ಇದ್ದದ್ದು ಹನುಮಸಾಗರದಲ್ಲಿ. ನಡುವೆ ಹತ್ತಿರ ಹತ್ತಿರ ಐವತ್ತು ಮೈಲಿ. ಕುಷ್ಟಗಿಯವರೆಗೆ ದಿನಕ್ಕೊಂದು ಸರ್ವಿಸ್ ಮೋಟಾರು, ಅದೂ ಡ್ರೈವರನಿಗೆ ಮನಸ್ಸಿದ್ದರೆ. ಅಲ್ಲಿಂದ ಮುಂದೆ ಎತ್ತಿನ ಚಕ್ಕಡಿ.

ಅಪ್ಪನ ಜೀವಕ್ಕೆ ಭಾಳ ಆಗಿದೆ ಎಂದು ಚೀಟಿ ಬಂದ ದಿನ ಆ ಮೋಟಾರು ಕೆಟ್ಟು ನಿಂತಿತ್ತು. ಕೊಪ್ಪಳದಿಂದಲೇ ಚಕ್ಕಡಿ ಕಟ್ಟಿಕೊಂಡು ಹೊರಟೆವು. ಮೂರನೆಯ ದಿನ ನಾವು ಮುಟ್ಟಿದಾಗ, ಮಣ್ಣು ಮಾಡಿ ಬಂದ ಜನ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ಅಕ್ಕನಿಗೆ ಅಪ್ಪನ ಮುಖ ಸಿಗಲಿಲ್ಲ. ತಿರುಗಿ ಬರುವಾಗ ಇಡೀ ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು. “ಅವ್ವನ ಮಾರಿಯಾದ್ರೂ ನನಗ ಸಿಗ್ತೈತೇನ್ರಿ?” ಮಾಮ ಎತ್ತಿನ ಹಿಂಗಾಲುಗಳನ್ನೇ ನೋಡುತ್ತ ಕೂತಿದ್ದರು, ಅವುಗಳಲ್ಲಿ ಏನೋ ದೋಷವಿದೆ, ಬಿಚ್ಚಿದರೆ ಸರಿಪಡಿಸಬಹುದು ಎನ್ನುವ ಹಾಗೆ.

ಯಲಬುರ್ಗಿಯ ಒಬ್ಬ ದೇಸಾಯರ ವಾಡೆಯ ಕೊಟ್ಟಿಗೆಯಲ್ಲಿ ಒಂದು ವಿಲಾಯತಿ ಕಾರು ಇತ್ತು. ಹಿತ್ತಾಳೆಯ ದೀಪ, ಕಟ್ಟಿಗೆಯ ಗಾಲಿ, ತೊಗಲಿನ ಸೀಟು, ಸೀಟಿನ ಮೇಲೆ ಕಾವಿಗೆ ಕೂತ ಕೋಳಿ. ಒಂದು ಕಾಲಕ್ಕೆ ದೇಸಾಯರು ಅದರಲ್ಲಿ ಕೂತು ಹೊಲ ನೋಡಲು ಹೋದರೆ, ಆಳುಗಳು ಹೊಲ ಬಿಟ್ಟು ಕಾರು ನೋಡಲು ಬರುತ್ತಿದ್ದರಂತೆ. ಮಾಮ ವಾಡೆಯ ನೀರೆತ್ತುವ ಪಂಪಿನ ಮುಂದೆ ಒಂದು ತಿಂಗಳು ಕೂತು ಅದನ್ನು ರಿಪೇರಿ ಮಾಡಿ, ಕೂಲಿಯ ಬದಲು ಆ ಕಾರನ್ನು ಕೇಳಿದರು. ದೇಸಾಯರು ಕೂಡಲೇ ಒಪ್ಪಿದರು. ಕೋಳಿ ಒಪ್ಪಲಿಲ್ಲ. ಎತ್ತುಗಳು ಎಳೆದ ಕಾರಿನಲ್ಲಿ ಅದೂ ಕೊಪ್ಪಳಕ್ಕೆ ಬಂತು.

ಮನೆಯ ಮುಂದೆ ಕಾರು ನಿಂತ ದಿನ ಮಾಮ ನನ್ನನ್ನು ಕರೆದು, “ಮಾಸ್ತರ, ಇದರ ಎಂಜಿನ್ ಎಂಟು ಕುದುರಿ ಶಕ್ತಿದು” ಅಂದರು, ಬೇಸರದಿಂದ.

“ಸಾಕಲ್ರಿ ಮಾಮಾ, ನಾವಿರೂದು ಮೂರ ಮಂದಿ.”

“ಎಂಟು ಕುದುರಿ ಮದಿವಿಗೆ ಹೋಗಾಕ ಸಾಕು. ಮದಿವಿ ಮಂದಿ ಕಾಯ್ತಾರ. ಯಮ ಕಾಯ್ತಾನೇನು?”

ಅದೇ ಮಳೆಗಾಲದಲ್ಲಿ ಗಂಗಾವತಿಯಿಂದ ಭತ್ತ ಹೇರಿಕೊಂಡು ಬರುತ್ತಿದ್ದ ಲಾರಿಯೊಂದು ಹಳ್ಳದಲ್ಲಿ ಮಗುಚಿತು. ಭತ್ತ ನೀರಿನ ಪಾಲಾಯಿತು, ಡ್ರೈವರ ಈಜಿ ದಂಡೆ ಸೇರಿದ, ಎಂಜಿನ್ನು ಮಾಮನ ಪಾಲಿಗೆ ಬಂತು. ಆರು ಸಿಲಿಂಡರ್! ಅದನ್ನು ಇಳಿಸಿಕೊಳ್ಳಲು ಜಿನ್ನಿನ ಹಮಾಲರು ಎಂಟು ಮಂದಿ ಬೇಕಾದರು. ಅದು ಕಾರಿಗಿಂತ ಒಂದು ಮೊಳ ಉದ್ದವಿತ್ತು ಎಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ, ಆದರೆ ಕಾರಿನ ಮೂತಿಗಿಂತಂತೂ ಒಂದು ಮೊಳ ಉದ್ದವಿತ್ತು.

ಬೇರೆ ಯಾರಾದರೂ ಆಗಿದ್ದರೆ ಬೇರೆ ಎಂಜಿನ್ನು ಹುಡುಕುತ್ತಿದ್ದರು. ಮಾಮ ಕೂಡ್ರುವವರನ್ನು ಸಣ್ಣವರನ್ನಾಗಿ ಮಾಡಿದರು. ಎಂಜಿನ್ನಿಗೂ ಮನುಷ್ಯರಿಗೂ ನಡುವೆ ಇದ್ದ ತಗಡನ್ನು ಕತ್ತರಿಸಿ, ಮುಂದಿನ ಸೀಟನ್ನು ಹಿಂದಕ್ಕೆ ದೂಡಿ, ಹಿಂದಿನ ಸೀಟನ್ನು ಒಂದು ಹಲಗೆಗೆ ಇಳಿಸಿದರು. ಎಂಜಿನ್ನಿನ ತುದಿ ಮಾಮನ ಎರಡು ಮೊಣಕಾಲುಗಳ ನಡುವೆ ಬಂದು ಕೂತಿತು. ಹಲಗೆಯ ಮೇಲೆ ನಾನು ಮೊಣಕಾಲನ್ನು ಗದ್ದಕ್ಕೆ ಹಚ್ಚಿ ಕೂಡ್ರಬೇಕು. “ಚಳಿಗಾಲದಾಗ ಬೆಚ್ಚಗ ಇರ್ತೈತಿ” ಎಂದು ಮಾಮ ಸಮಾಧಾನ ಹೇಳಿದರು. ನಮ್ಮ ಸೀಮೆಯಲ್ಲಿ ಚಳಿಗಾಲ ವರ್ಷಕ್ಕೆ ಎಂಟು ದಿನ.

ಎಂಜಿನ್ನು ಚಾಲೂ ಆದ ದಿನ ಓಣಿಯ ಎಮ್ಮೆಗಳು ಹಾಲು ಕೊಡಲಿಲ್ಲ. ಮಾಮ ಗೇರು ಹಾಕಿದರು. ಕಾರು ಒಂದು ಮಾರು ಹಾರಿತು, ಹಿಂದಿನ ಅಚ್ಚಿನೊಳಗೆ ಜೋಳ ಬೀಸಿದಂಥ ಸದ್ದಾಯಿತು, ನಿಂತಿತು. ಎಂಟು ಕುದುರೆಗೆಂದು ಮಾಡಿದ ಹಲ್ಲಿನ ಗಾಲಿ ಲಾರಿಯ ಹೊಡೆತಕ್ಕೆ ಪುಡಿಯಾಗಿತ್ತು. ಮಾಮ ಲಾರಿಯ ಹಲ್ಲಿನ ಗಾಲಿಯನ್ನೇ ತಂದು, ಹದಿನೈದು ದಿನ ಕಾರಿನ ಕೆಳಗೆ ಮಲಗಿ, ಅಚ್ಚಿನೊಳಗೆ ಕೂಡಿಸಿದರು. ಈ ಸಲ ಊರಿನ ಅರ್ಧ ಜನ ಕಾರಿನ ಹಿಂದೆ ನಿಂತಿದ್ದರು, ಮುಂದೆ ನಿಂತರೆ ಅಪಾಯ ಎಂದು ಮಾಮನೇ ಹೇಳಿದ್ದರಿಂದ. ಮಾಮ ಗೇರು ಹಾಕಿದರು. ಕಾರು ಬಾಣದ ಹಾಗೆ ಹಿಂದಕ್ಕೆ ಹೋಯಿತು!

ಯಾರಿಗೂ ಪೆಟ್ಟಾಗಲಿಲ್ಲ. ನಮ್ಮ ಜನ ಓಡುವುದರಲ್ಲಿ ಯಾವ ಎಂಜಿನ್ನಿಗೂ ಕಡಿಮೆಯಿಲ್ಲ. ಆಗಿದ್ದಿಷ್ಟೇ, ಮಾಮ ಆ ಹಲ್ಲಿನ ಗಾಲಿಯನ್ನು ಎಡಕ್ಕೆ ಕೂಡಿಸುವ ಬದಲು ಬಲಕ್ಕೆ ಕೂಡಿಸಿದ್ದರು. ಪರಿಣಾಮವಾಗಿ ಕಾರಿಗೆ ಹಿಂದಕ್ಕೆ ಹೋಗಲು ಮೂರು ಗೇರು, ಮುಂದಕ್ಕೆ ಹೋಗಲು ಒಂದು. ನಾನು ನಕ್ಕೆ. ಮಾಮ ನಗಲಿಲ್ಲ. “ಹನಮಸಾಗರಕ್ಕ ಹಿಂದ ಮುಂದಾಗಿ ಹೋದ್ರೂ ಹನಮಸಾಗರನ ಬರ್ತೈತಲ್ಲ” ಅಂದರು. ಅಕ್ಕ ಒಳಗಿನಿಂದ, “ನಾ ಬರಂಗಿಲ್ರಿ” ಎಂದಳು. ಮತ್ತೆ ಹದಿನೈದು ದಿನ ಮಾಮ ಕಾರಿನ ಕೆಳಗೆ ಮಲಗಿದರು.

ಮುಂದಕ್ಕೆ ಹೋಗುವುದು ಸಾಧಿಸಿದ ಮೇಲೆ ಕುದಿಯುವುದು ಶುರುವಾಯಿತು. ಸಣ್ಣ ಕಾರಿನ ರೇಡಿಯೇಟರಿನಲ್ಲಿ ಹಿಡಿಯುವ ನೀರು ದೊಡ್ಡ ಎಂಜಿನ್ನಿಗೆ ಬಾಯಿ ಮುಕ್ಕಳಿಸಲೂ ಸಾಲದು. ನಾಲ್ಕು ಮೈಲಿಗೊಮ್ಮೆ ಹಬೆ ಎದ್ದು ದಾರಿ ಕಾಣದಾಗುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಸ್ನಾನಕ್ಕೆ ನೀರು ಕಾಯಿಸಲು ಹೋದರೆ ತಾಮ್ರದ ಹಂಡೆ ಇಲ್ಲ. ಅವ್ವ ಮದುವೆಯಲ್ಲಿ ಕೊಟ್ಟದ್ದು. ಅದು ಕಾರಿನ ಮೂತಿಯ ಮೇಲೆ, ನಾಲ್ಕು ಪಟ್ಟಿಗಳಲ್ಲಿ ಬಿಗಿದುಕೊಂಡು, ಎರಡು ಕೊಳವೆಗಳ ಸಮೇತ ಕೂತಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಬಿಸಿನೀರಿನ ಸ್ನಾನ ಬೇಕಾದವರು ಮೊದಲು ಊರ ಪಕ್ಕದ ಭಾಗ್ಯನಗರದವರೆಗೆ ಒಂದು ಸುತ್ತು ಹೋಗಿ ಬರಬೇಕಾಯಿತು.

ಕೊನೆಯ ಕಾಟ ಎಲ್ಲಕ್ಕಿಂತ ಹಟಮಾರಿ. ಬೆಳಿಗ್ಗೆ ಗಾಳಿಯ ಹಾಗೆ ಓಡುವ ಕಾರು, ಬಿಸಿಲೇರಿದರೆ ಸಾಕು, ಕೆಮ್ಮಿ ನಿಲ್ಲುತ್ತಿತ್ತು. ಒಂದು ತಾಸು ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ. ಮಾಮ ಪ್ಲಗ್ಗು ಬದಲಿಸಿದರು. ಕಾರ್ಬೊರೇಟರನ್ನು ಏಳು ಸಲ ಬಿಚ್ಚಿದರು. ಎಂಟನೆಯ ಸಲ ಬಿಚ್ಚುತ್ತಿದ್ದಾಗ ಅಕ್ಕ ರೊಟ್ಟಿ ತಂದಳು, ಬಗ್ಗಿ ನೋಡಿದಳು, ಪೆಟ್ರೋಲು ಬರುವ ಸಣ್ಣ ಕೊಳವೆ ಮುಟ್ಟಿ ಬೆರಳು ಸುಟ್ಟುಕೊಂಡಳು.

“ಇದನ್ನ ಒಲಿ ಬಗಲಾಗ ಹಾಯಿಸಿ, ಒಳಗಿಂದು ಕುದೀಬಾರದು ಅಂದ್ರ ಹೆಂಗ್ರಿ?” ಅಂದಳು. ಹಳೆಯ ಇಳಕಲ್ ಸೀರೆಯ ಸೆರಗು ಹರಿದು, ನೀರಲ್ಲಿ ಅದ್ದಿ, ಬೇಸಿಗೆಯಲ್ಲಿ ಗಡಿಗೆಗೆ ಸುತ್ತುವಂತೆ ಕೊಳವೆಗೆ ಸುತ್ತಿದಳು. ಕಾರು ಮತ್ತೆಂದೂ ಬಿಸಿಲಿಗೆ ನಿಲ್ಲಲಿಲ್ಲ. ಐದು ಮೈಲಿಗೊಮ್ಮೆ ಕೈ ಚಾಚಿ ಆ ಬಟ್ಟೆಯ ಮೇಲೆ ಒಂದು ತಂಬಿಗೆ ನೀರು ಸುರಿಯುವುದು ಅಕ್ಕನ ಕೆಲಸವಾಯಿತು. ಮಾಮ ಮಾತ್ರ ಕಾರ್ಬೊರೇಟರನ್ನು ಒಂಬತ್ತನೆಯ ಸಲ ಬಿಚ್ಚಿ ನೋಡಿದರು.

ಬ್ರೇಕಿನ ಬಗ್ಗೆ ನಾನು ಕೇಳಿದ್ದೆ. “ಹೋಗೂದು ಮುಖ್ಯ, ನಿಲ್ಲೂದು ತಾನ ಆಗ್ತೈತಿ” ಎಂದಿದ್ದರು. ಹನುಮಸಾಗರದಲ್ಲಿ ನಿಲ್ಲಬೇಕಾದರೆ ಒಂದು ಮೈಲಿ ಮೊದಲೇ ನಿಲ್ಲಲು ಶುರು ಮಾಡಬೇಕಾಗುತ್ತಿತ್ತು.

ಹಾಗೆ ಸಿದ್ಧವಾದ ಕಾರಿಗೆ ಮೊದಲ ಚೀಟಿ ಬಂತು. ಅಣ್ಣ ಬರೆದದ್ದು. “ಅವ್ವಗ ಜ್ವರ ಭಾಳ ಐತಿ. ಇಂದೋ ನಾಳೆಯೋ ಅನ್ನಾಂಗ ಐತಿ.” ಅಕ್ಕ ಅಳುತ್ತಲೇ ತಂಬಿಗೆ ಹಿಡಿದು ಕೂತಳು. ಎರಡೂವರೆ ತಾಸಿನಲ್ಲಿ ನಾವು ಹನುಮಸಾಗರದಲ್ಲಿದ್ದೆವು! ಮಗಳನ್ನು ಬಾಗಿಲಲ್ಲಿ ಕಂಡ ಅವ್ವನಿಗೆ ಆಶ್ಚರ್ಯದಿಂದಲೇ ಜ್ವರ ಬಿಟ್ಟಿತು. ಎದ್ದು ಕೂತು, ಹೊರಗೆ ಬಂದು, ಕಾರು ನೋಡಿ, “ಅಳಿಯಂದ್ರ, ನಾ ಕೊಟ್ಟ ಹಂಡೇ ಅಲ್ಲಿ ಯಾಕೈತ್ರಿ?” ಎಂದಳು.

ಇದಾದ ಮೇಲೆ ಅವ್ವ ಎರಡು ಮೂರು ತಿಂಗಳಿಗೊಮ್ಮೆ ಸಾಯತೊಡಗಿದಳು. ಚೀಟಿ ಬಂದಾಗಲೆಲ್ಲ ಮಾಮ ಜಿನ್ನಿನಿಂದ ಓಡಿ ಬರುತ್ತಿದ್ದರು, ನಾನು ಶಾಲೆಗೆ ರಜೆ ಹಾಕುತ್ತಿದ್ದೆ. ಮಹಾಯುದ್ಧ ಶುರುವಾಗಿ ಪೆಟ್ರೋಲಿಗೆ ರೇಶನ್ ಬಂದಾಗಲೂ ಎರಡು ಡಬ್ಬಿ ಬೇರೆಯೇ ಇರುತ್ತಿದ್ದವು. “ಅದು ಅತ್ತಿದು, ಯಾರೂ ಮುಟ್ಟಬ್ಯಾಡ್ರಿ” ಎಂದು ಮಾಮ ಕಟ್ಟಪ್ಪಣೆ ಮಾಡಿದ್ದರು. ಆರು ಸಿಲಿಂಡರಿನ ಸದ್ದು ನಮಗಿಂತ ಎರಡು ಮೈಲಿ ಮುಂದೆ ಹೋಗುತ್ತಿತ್ತು. ನಾವು ಒಳಗೆ ಹೋಗುವಷ್ಟರಲ್ಲಿ ಅವ್ವ ಗದ್ದದವರೆಗೆ ಕಂಬಳಿ ಹೊದ್ದು, ಹಣೆ ತುಂಬ ವಿಭೂತಿ ಬಳಿದುಕೊಂಡು ಮಲಗಿರುತ್ತಿದ್ದಳು.

ಒಂದು ಸಲ ಗಾಳಿ ತಿರುಗಿ ಬೀಸಿತು, ಸದ್ದು ಮುಂದೆ ಹೋಗಲಿಲ್ಲ. ಮಾಮ ಮತ್ತು ನಾನು ಮೊದಲು ಒಳಹೊಕ್ಕೆವು. ಸಾಯುತ್ತಿದ್ದ ಅವ್ವ ಒಲೆಯ ಮುಂದೆ ಕೂತು ಶೇಂಗಾ ಹೋಳಿಗೆ ಲಟ್ಟಿಸುತ್ತಿದ್ದಳು! ನಾನು ಬಾಯಿ ತೆರೆಯುವ ಮೊದಲೇ ಮಾಮ ಪಿಸುಗುಟ್ಟಿದರು.

“ಅತ್ತೀ, ಲಗೂನ ಮಲಕೊಳ್ರಿ. ಆಕಿ ಇನ್ನಾ ಗಾಡಿ ಇಳಿಯಾಕತ್ತಾಳ. ಹೋಳಿಗಿ ಮಾಸ್ತರ ನೋಡ್ಕೊಂತಾನ.”

ಅವ್ವ ಮಲಗಿದಳು. ನಾನು ಹೋಳಿಗೆ ನೋಡಿಕೊಂಡೆ, ಎರಡನ್ನು ಕರಕಲು ಮಾಡಿದೆ. ಮರುದಿನ ಹೊರಡುವ ಮೊದಲು ಮಾಮನನ್ನು ಬದಿಗೆ ಕರೆದು ಕೇಳಿದೆ.

“ಸುಳ್ಳು ಅಂತ ಗೊತ್ತೈತೇನ್ರಿ ಮಾಮಾ?”

“ಎರಡನೇ ಸಲದಿಂದ ಗೊತ್ತೈತಿ.”

“ಮತ್ತ ಪ್ರತಿ ಸಲ ಯಾಕ ಅಷ್ಟ ಜೋರ ಓಡಸ್ತೀರಿ?”

“ಇವತ್ತಿಂದು ಖರೇ ಇದ್ರ?”

ಅಷ್ಟು ಹೇಳಿ ಹಂಡೆಗೆ ನೀರು ತುಂಬಲು ಹೋದರು. ಅಕ್ಕನಿಗೆ ಏನೂ ಗೊತ್ತಿಲ್ಲವೆಂದು ನಾವಿಬ್ಬರೂ ನಂಬಿದ್ದೆವು. ಆದರೆ ಅವಳು ಪ್ರತಿ ಸಲ ಅಳುತ್ತ ಕಟ್ಟುತ್ತಿದ್ದ ಬುತ್ತಿಯಲ್ಲಿ ಅವ್ವನಿಗೆ ಇಷ್ಟವೆಂದು ಕರಿದ ಸಿಹಿ ಕರಚಿಕಾಯಿ ಇರುತ್ತಿತ್ತು. ಸಾಯುವವರಿಗೆ ಯಾರಾದರೂ ಕರಚಿಕಾಯಿ ಒಯ್ಯುತ್ತಾರೆಯೇ?

ಯುದ್ಧ ಮುಗಿದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮತ್ತೆ ಚೀಟಿ ಬಂತು. ನಾನೇ ಓದಿದೆ. “ಅವ್ವ ಆರಾಮ ಅದಾಳ. ಅವಸರ ಏನೂ ಇಲ್ಲ. ಸಾವಕಾಶ ಬರ್ರಿ ಅಂತ ಆಕೀನ ಹೇಳಿ ಬರಿಸ್ಯಾಳ.” ನನಗೆ ಖುಷಿಯಾಯಿತು, ಒಂದು ರಜೆ ಉಳಿಯಿತಲ್ಲ ಎಂದು. ಮಾಮ ಚೀಟಿ ಕಸಿದುಕೊಂಡು ಎರಡು ಸಲ ಓದಿದರು.

“ಆರಾಮ ಅದೀನಿ ಅಂತ ಆಕಿ ಎಂದಾದ್ರೂ ಹೇಳಿ ಕಳಿಸ್ಯಾಳೇನೋ?” ಅಂದರು. ಆಗಲೇ ಡಬ್ಬಿಗಳನ್ನು ಎತ್ತಿಕೊಂಡಿದ್ದರು.

ಆ ದಿನ ಕಾರು ಎಷ್ಟು ಜೋರಾಗಿ ಹೋಯಿತೆಂದು ನನಗೆ ಗೊತ್ತಿಲ್ಲ, ನಾನು ಕಣ್ಣು ಮುಚ್ಚಿದ್ದೆ. ಅಕ್ಕ ಅಳಲಿಲ್ಲ. ತಂಬಿಗೆಯ ಅರ್ಧ ನೀರು ಬಟ್ಟೆಯ ಮೇಲೆ, ಅರ್ಧ ನನ್ನ ಮೇಲೆ ಬೀಳುತ್ತಿತ್ತು.

ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ಹಣೆಗೆ ವಿಭೂತಿ ಇರಲಿಲ್ಲ. ಅಕ್ಕ ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅವ್ವ ಕಣ್ಣು ತೆರೆದು ಮಗಳ ಮುಖವನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಳಿಯನ ಕಡೆ ತಿರುಗಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ, ನಿಧಾನವಾಗಿ ಅಂದಳು.

“ಸುಳ್ಳ ಹೇಳಿದಾಗೆಲ್ಲಾ ಹುಚ್ಚರಂಗ ಓಡಿ ಬರ್ತಿದ್ರಿ. ಈ ಸಲ ಖರೇ ಹೇಳಿದ್ರ ಇನ್ನೂ ಜೋರ ಬರ್ತೀರಿ, ದಾರಿಯಾಗ ಎಲ್ಲ್ಯರ ಬಿದ್ರ ಎತ್ತಾಕ ನಾ ಇರೂದಿಲ್ಲಲ್ಲ ಅಂತ… ಹಂಗ ಬರಿಸಿದ್ನಿರಿ.”

ಮಾಮ ಹೊರಗೆ ಹೋಗಿ ಎಂಜಿನ್ನಿನ ಮೇಲಿನ ತಗಡು ಎತ್ತಿದರು. ಯಾವ ದೋಷವೂ ಇಲ್ಲದ ಆ ಎಂಜಿನ್ನನ್ನು, ತಗಡಿನ ಅಂಚು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಹಳ ಹೊತ್ತು ನೋಡುತ್ತ ನಿಂತರು. ನಾನು ಹತ್ತಿರ ಹೋಗಲಿಲ್ಲ.